ಯಾರ ನೆರಳು, ಎಲ್ಲಿಯ ಕತ್ತಲೆ: ಲ್ಯಾಟಿನ್ ಪದಗಳ ಸುತ್ತ

ಲ್ಯಾಟಿನ್ ಕಲಿಯಲು ಹೊರಟ ಕನ್ನಡಿಗರ ಕೈಗೆ ಸಿಗುವ ನಿಘಂಟು ಸಾಮಾನ್ಯವಾಗಿ ಇಂಗ್ಲಿಷಿನದು. ಅದರಲ್ಲಿ ‘ಉಂಬ್ರ’ ಎಂದು ಹುಡುಕಿದರೆ ಮೊದಲ ಸಾಲಿನಲ್ಲೇ ಎರಡು ಅರ್ಥ ಕೊಟ್ಟಿರುತ್ತಾರೆ: ಶ್ಯಾಡೋ ಒಂದು, ಶೇಡ್ ಇನ್ನೊಂದು. ಎದುರಿಗಿರುವ ವಾಕ್ಯಕ್ಕೆ ಇವೆರಡರಲ್ಲಿ ಯಾವುದು ಹೊಂದುತ್ತದೆ ಎಂದು ಇಂಗ್ಲಿಷಿನವರು ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಆ ಗೊಡವೆಯೇ ಇಲ್ಲ. ಗೋಡೆಯ ಮೇಲೆ ಬೀಳುವುದೂ ನೆರಳು, ಹೊಂಗೆಮರದ ಕೆಳಗೆ ಕೂತರೆ ಸಿಗುವುದೂ ನೆರಳು. ದೊಡ್ಡವರ ಆಸರೆಯಲ್ಲಿ ಬದುಕುವವರನ್ನು ‘ಅವರ ನೆರಳಲ್ಲಿದ್ದಾರೆ’ ಅನ್ನುತ್ತೇವೆ. ರೋಮನ್ನರೂ ಆಸರೆಗೆ ‘ಸುಬ್ ಉಂಬ್ರಾ’ ಎಂದರು. ಬೆಲೀಜ್ ದೇಶದ ಲಾಂಛನದಲ್ಲಿ ಇಂದಿಗೂ ‘ಸುಬ್ ಉಂಬ್ರಾ ಫ್ಲೋರೆಯೊ’, ಅಂದರೆ ‘ನೆರಳಿನಲ್ಲಿ ಅರಳುತ್ತೇನೆ’ ಎಂದಿದೆ, ಮಹಾಗನಿ ಮರದ ಚಿತ್ರದ ಜೊತೆಗೆ. ಹಾಗಾಗಿ ಈ ಪದಗಳ ವಿಷಯದಲ್ಲಾದರೂ ಇಂಗ್ಲಿಷಿನ ಸುತ್ತುದಾರಿ ಬಿಟ್ಟು ಕನ್ನಡದಿಂದ ನೇರ ಹೋಗುವುದೇ ಸಲೀಸು.

ಹೋಗುವಾಗ ಒಂದು ಪ್ರಶ್ನೆ ಕೈಲಿರಲಿ: ‘ಯಾರದು?’ ಉಂಬ್ರ ಅಂದರೆ ಅದಕ್ಕೊಬ್ಬ ಒಡೆಯ ಇರಲೇಬೇಕು. ಮರದ್ದೋ, ಬೆಟ್ಟದ್ದೋ, ಮನುಷ್ಯನದ್ದೋ, ಯಾವುದೋ ಒಂದು ವಸ್ತು ಬೆಳಕಿಗೆ ಅಡ್ಡ ನಿಂತಿದೆ. ಇನ್ನೊಂದು ಮುಖ್ಯ ಪದ ‘ತೆನೆಬ್ರೈ’. ಅದು ಕತ್ತಲೆ, ಅದಕ್ಕೆ ಒಡೆಯ ಇಲ್ಲ, ಇರುವ ಜಾಗ ಮಾತ್ರ ಉಂಟು. ‘ಗುಹೆಯ ಕತ್ತಲೆ’ ಅಂದರೂ ಗುಹೆ ಕತ್ತಲೆಯನ್ನು ಬೀಳಿಸುವುದಿಲ್ಲ, ಕತ್ತಲೆ ಅಲ್ಲಿ ಇರುತ್ತದೆ ಅಷ್ಟೇ. ಕನ್ನಡದಲ್ಲಿ ನೆರಳು ಬೀಳುತ್ತದೆ, ಕತ್ತಲೆ ಆಗುತ್ತದೆ ಅಥವಾ ಕವಿಯುತ್ತದೆ. ಕ್ರಿಯಾಪದವೇ ಬೇರೆ. ಲ್ಯಾಟಿನ್ನಿನಲ್ಲೂ ಉಂಬ್ರ ಬೀಳುವಂಥದ್ದು, ಎಸೆಯಲ್ಪಡುವಂಥದ್ದು.

ತೆನೆಬ್ರೈ ಸದಾ ಬಹುವಚನ. ನಮ್ಮಲ್ಲಿ ‘ಕತ್ತಲೆಗಳು’ ಎಂದರೆ ಕಿವಿಗೆ ಒರಟಾಗಿ ಕೇಳುತ್ತದೆ, ರೋಮನ್ನರಿಗೆ ಏಕವಚನವೇ ಒರಟು. ಆದ್ದರಿಂದ ಕ್ರಿಯಾಪದವೂ ಬಹುವಚನದಲ್ಲೇ ಬರಬೇಕು: ‘ತೆನೆಬ್ರೈ ಎರಂತ್’, ಕತ್ತಲೆ ಇತ್ತು. ಹೊಸದಾಗಿ ಕಲಿಯುವವರು ಇಲ್ಲೇ ಎಡವುವುದು. ‘ತೆನೆಬ್ರ ಎಸ್ತ್’ ಎಂದು ಏಕವಚನ ಮಾಡಿ ಬರೆದು, ಅದನ್ನೇ ಕೈಮೇಲೆ ಹಚ್ಚೆ ಹಾಕಿಸಿಕೊಂಡವರೂ ಇರಬಹುದು. ಹಚ್ಚೆಗೇ ಬೇಕಿದ್ದರೆ ‘ಪೊಸ್ತ್ ತೆನೆಬ್ರಾಸ್ ಲೂಕ್ಸ್’, ಕತ್ತಲೆಯ ನಂತರ ಬೆಳಕು, ಎಂಬ ಜಿನೀವಾ ನಗರದ ಧ್ಯೇಯವಾಕ್ಯ ವ್ಯಾಕರಣಶುದ್ಧವಾಗಿದೆ. ‘ಪೊಸ್ತ್’ ಬಂದರೆ ದ್ವಿತೀಯಾ ವಿಭಕ್ತಿ, ಅದಕ್ಕೇ ‘ಬ್ರಾಸ್’. ‘ಕತ್ತಲೆಯಲ್ಲಿ’ ಎನ್ನಲು ‘ಇನ್ ತೆನೆಬ್ರೀಸ್’.

ಉಚ್ಚಾರಣೆಯ ವಿಷಯದಲ್ಲಿ ಕನ್ನಡ ಲಿಪಿಗೆ ಒಂದು ಅನುಕೂಲವಿದೆ. ಅಚ್ಚಾದ ಲ್ಯಾಟಿನ್ ಪುಸ್ತಕಗಳು ಬಹುಮಟ್ಟಿಗೆ ಹ್ರಸ್ವ-ದೀರ್ಘ ತೋರಿಸುವುದಿಲ್ಲ. ‘ನೆರಳು’ ಮತ್ತು ‘ನೆರಳಿನಿಂದ’ ಎರಡೂ ಒಂದೇ ರೀತಿ ಅಚ್ಚಾಗಿರುತ್ತವೆ, ಓದುವವರು ಸಂದರ್ಭ ನೋಡಿ ಊಹಿಸಬೇಕು. ಕನ್ನಡದಲ್ಲಿ ಬರೆದರೆ ಗೊಂದಲ ಮುಗಿಯಿತು: ಪ್ರಥಮಾ ವಿಭಕ್ತಿ ಉಂಬ್ರ, ಪಂಚಮಿಯ ರೂಪ ಉಂಬ್ರಾ. ದೇವನಾಗರಿಯಲ್ಲಿ ತೊಡಕಾಗುವ ಹ್ರಸ್ವ ಎ, ಒ ಕೂಡ ನಮ್ಮಲ್ಲಿ ಸರಾಗ. ಟಿಪ್ಪಣಿ ಪುಸ್ತಕದಲ್ಲಿ ವಿಭಕ್ತಿರೂಪಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ‘ಸುಬ್’ ಜೊತೆ ಇನ್ನೊಂದು ಎಚ್ಚರ ಬೇಕು. ನೆರಳಲ್ಲಿ ಕೂತಿದ್ದರೆ ‘ಸುಬ್ ಉಂಬ್ರಾ’, ನೆರಳಿಗೆ ಹೋಗುತ್ತಿದ್ದರೆ ‘ಸುಬ್ ಉಂಬ್ರಂ’. ನಾವು ‘ಅಲ್ಲಿ’ ಮತ್ತು ‘ಗೆ’ ಹಚ್ಚಿ ಮಾಡುವ ವ್ಯತ್ಯಾಸವೇ ಇದು.

ತೆನೆಬ್ರೈ ನಮಗೆ ಅಪರಿಚಿತ ಪದವೂ ಅಲ್ಲ. ಸಂಸ್ಕೃತದ ತಮಸ್ಸು, ತಮಿಸ್ರ ಇದರ ಒಡಹುಟ್ಟಿದವು. ಮೂಲದಲ್ಲಿದ್ದ ‘ಸ್ರ’ ಪದದ ನಡುವೆ ಬಂದಾಗ ಲ್ಯಾಟಿನ್ನಿನಲ್ಲಿ ‘ಬ್ರ’ ಆಗುತ್ತದೆ. ಮುಂದೆ ತುಟಿಯಿಂದ ಹುಟ್ಟುವ ‘ಬ’ ಬಂದದ್ದರಿಂದ ಹಿಂದಿನ ‘ಮ’ ಸರಿದು ‘ನ’ ಆಯಿತು. ‘ಸ್ವಸೃ’, ಅಂದರೆ ಸೋದರಿ, ಎಂಬ ಪದದ ಮೂಲರೂಪವೂ ಇದೇ ನಿಯಮದಂತೆ ಲ್ಯಾಟಿನ್ನಿನಲ್ಲಿ ಬದಲಾಗಿ ‘ಸೋಬ್ರೀನುಸ್’ ಎಂಬ ಬಂಧುವಾಚಕ ಕೊಟ್ಟಿತು. ನಾವು ದಿನಾ ಬಳಸುವ ‘ಕಸಿನ್’ ಇಳಿದು ಬಂದದ್ದು ಅಲ್ಲಿಂದಲೇ. ಅದೇ ತಮಸ್ಸಿನ ಧಾತುವಿನಿಂದ ‘ತೆಮೆರೆ’ ಎಂಬ ಅವ್ಯಯವೂ ಇದೆ. ಅರ್ಥ: ಹಿಂದುಮುಂದು ನೋಡದೆ. ಕತ್ತಲಲ್ಲಿ ನುಗ್ಗಿದ ಹಾಗೆ.

ಹಾಸ್ಯನಾಟಕಕಾರ ಪ್ಲಾಟಸ್‌ನಲ್ಲಿ ಹೊಟ್ಟೆಬಾಕನೊಬ್ಬ ಓಡೋಡಿ ಬಂದು ಹೇಳುತ್ತಾನೆ: ‘ತೆನೆಬ್ರೈ ಒಬೊರಿಯುಂತುರ್, ಗೆನುವ ಇನೆದಿಯಾ ಸುಕ್ಕಿದುಂತ್.’ ಕನ್ನಡದಲ್ಲಿ ಏನನ್ನೂ ಬದಲಿಸಬೇಕಿಲ್ಲ: ‘ಕಣ್ಣು ಕತ್ತಲೆ ಬರ್ತಿದೆ, ಹಸಿವಿಗೆ ಮಂಡಿ ಕುಸೀತಿದೆ.’ ಕಣ್ಣಿಗೆ ಕತ್ತಲೆ ಬರುವಾಗ ಅಡ್ಡ ನಿಂತ ವಸ್ತು ಯಾವುದೂ ಇಲ್ಲ, ಹಾಗಾಗಿ ಅಲ್ಲಿ ಉಂಬ್ರ ಬರುವಂತೆಯೇ ಇಲ್ಲ. ಸೆರೆಮನೆಯ ಕತ್ತಲೆಯೂ ತೆನೆಬ್ರೈ. ಕ್ರಿ.ಪೂ. 63ರಲ್ಲಿ, ರೋಮ್ ವಿರುದ್ಧ ಸಂಚು ಹೂಡಿದ ಕ್ಯಾಟಿಲಿನನ ಜೊತೆಗಾರರನ್ನು ಕೊರಳು ಬಿಗಿದು ಕೊಂದ ತುಲ್ಲಿಯಾನುಂ ನೆಲಮನೆಯನ್ನು ಇತಿಹಾಸಕಾರ ಸ್ಯಾಲಸ್ಟ್ ವರ್ಣಿಸುವುದು ಹೀಗೆ: ನೆಲದಿಂದ ಸುಮಾರು 12 ಅಡಿ ಆಳ, ಕೊಳಕು, ತೆನೆಬ್ರೈ, ದುರ್ನಾತ. ಆಳಕ್ಕೆ ಅಳತೆ ಕೊಟ್ಟವನು ಕತ್ತಲೆಗೆ ಕೊಡಲಿಲ್ಲ. ಕೊಡಲು ಬರುವುದೂ ಇಲ್ಲ.

ಮೂರನೆಯ ಪದ ‘ಕಾಲೀಗೋ’. ಮಂಜು, ಮಬ್ಬು, ಹೊಗೆಯಂಥ ಕತ್ತಲೆ, ಕಣ್ಣಿನ ಮಸುಕು, ಇವೆಲ್ಲ ಅದರೊಳಗಿವೆ. ಇಂಗ್ಲಿಷ್ ನಿಘಂಟು ಇದಕ್ಕೆ ನಾಲ್ಕು ಪದ ಖರ್ಚು ಮಾಡುತ್ತದೆ. ಕನ್ನಡದಲ್ಲಿ ‘ಕಾವಳ’ ಒಂದೇ ಸಾಕು, ಮಂಜೂ ಅದೇ, ಕತ್ತಲೆಯೂ ಅದೇ. (ಎರಡೂ ‘ಕಾ’ದಿಂದ ಶುರುವಾಗುವುದು ಬರೀ ಕಾಕತಾಳೀಯ, ನಂಟು ಹುಡುಕಲು ಹೋಗಬೇಡಿ. ಕಾಲೀಗೋಗೂ ಕಲಿಗುಲ ಚಕ್ರವರ್ತಿಗೂ ನಂಟಿಲ್ಲ. ಅವನ ಅಡ್ಡಹೆಸರು ಬಂದದ್ದು ಕಲಿಗ ಎಂಬ ಸಿಪಾಯಿ ಪಾದರಕ್ಷೆಯಿಂದ.)

ಈ ಪದಗಳ ಗಡಿ ಎಲ್ಲೆಲ್ಲಿ ಎಂದು ನೋಡಲು ರೋಮನ್ ಲೇಖಕ ಕಿರಿಯ ಪ್ಲಿನಿಯ ಒಂದು ಕಾಗದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಹದಿನೇಳರ ಹುಡುಗನಾಗಿದ್ದ ಅವನು ಕೊಲ್ಲಿಯ ಆಚೆ ಮಿಸೇನುಂನಲ್ಲಿ ತಾಯಿಯೊಡನೆ ಇದ್ದ. ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಅದನ್ನೆಲ್ಲ ಬರೆದ. ತಿರುಗಿ ನೋಡಿದಾಗ ಬೆನ್ನ ಹಿಂದೆ ಕಂಡದ್ದು ‘ದೆನ್ಸ ಕಾಲೀಗೋ’, ದಟ್ಟ ಕಾವಳ, ನೆಲದ ಮೇಲೆ ಪ್ರವಾಹದಂತೆ ಹರಿದು ಬರುತ್ತಿದೆ. ಅದು ಇನ್ನೂ ವಸ್ತು, ಅದಕ್ಕೆ ಅಂಚಿದೆ, ಓಟವಿದೆ. ದಾರಿ ಬಿಟ್ಟು ಪಕ್ಕಕ್ಕೆ ಕೂರುವಷ್ಟರಲ್ಲಿ ಅದು ಮೇಲೆ ಬಂತು, ಆಗ ಪದ ಬದಲಾಗುತ್ತದೆ: ‘ನೊಕ್ಸ್’, ರಾತ್ರಿ. ಆದರೆ ಚಂದ್ರನಿಲ್ಲದ ಅಥವಾ ಮೋಡ ಮುಸುಕಿದ ರಾತ್ರಿಯಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ದೀಪ ಆರಿಸಿದ ಹಾಗಿನ ರಾತ್ರಿ ಎಂದು ಅವನೇ ಬಿಡಿಸಿ ಹೇಳುತ್ತಾನೆ. ಜನ ಮುಖ ಕಾಣದೆ ಕೂಗಿ ಕರೆದು, ದನಿ ಕೇಳಿ ತಮ್ಮವರನ್ನು ಗುರುತಿಸುತ್ತಿದ್ದರು. ನಡುವೆ ಒಮ್ಮೆ ಸ್ವಲ್ಪ ಬೆಳಕಾಗಿ ಮತ್ತೆ ಹೋಯಿತು: ‘ತೆನೆಬ್ರೈ ರೂರ್ಸುಸ್, ಕಿನಿಸ್ ರೂರ್ಸುಸ್’, ಮತ್ತೆ ಕತ್ತಲೆ, ಮತ್ತೆ ಬೂದಿ. ಕೊನೆಗೆ ತೆಳುವಾಗಿ ಹೊಗೆಯಂತೆ ಚದುರಿದ್ದು ಪುನಃ ಕಾಲೀಗೋ. ಕಣ್ಣಿಗೆ ಕಾಣುವ ಕತ್ತಲೆ ಕಾಲೀಗೋ, ಹೊತ್ತು ನೊಕ್ಸ್, ಏನೂ ಕಾಣದ ಸ್ಥಿತಿ ತೆನೆಬ್ರೈ. ಅಷ್ಟು ಗಾಬರಿಯ ನೆನಪಿನಲ್ಲೂ ಪದಗಳು ಜಾಗ ತಪ್ಪಿಲ್ಲ. ಇಡೀ ಪುಟದಲ್ಲಿ ಉಂಬ್ರಕ್ಕೆ ಕೆಲಸವೂ ಇಲ್ಲ.

ಉಂಬ್ರಕ್ಕೆ ಒಡೆಯ ಇರುವುದರಿಂದ ಅದನ್ನು ಅಳೆಯಬಹುದು. ರೋಮನ್ನರು ಅಳೆದರು, ಒಮ್ಮೆ ಭಾರೀ ತಪ್ಪಾಗಿಯೂ ಅಳೆದರು. ಕ್ರಿ.ಪೂ. 263ರಲ್ಲಿ ಸಿಸಿಲಿಯ ಕಟಾನಿಯಾ ಊರನ್ನು ಗೆದ್ದಾಗ ಅಲ್ಲಿನ ನೆರಳುಗಡಿಯಾರವನ್ನು ಹೊತ್ತು ತಂದು ರೋಮ್‌ನಲ್ಲಿ ನಿಲ್ಲಿಸಿದರು. ಕಟಾನಿಯಾ ಇರುವುದು ಸುಮಾರು 37.5 ಡಿಗ್ರಿ ಅಕ್ಷಾಂಶದಲ್ಲಿ, ರೋಮ್ 41.9ರಲ್ಲಿ. ಅಲ್ಲಿನ ಗೆರೆಗಳು ಇಲ್ಲಿನ ನೆರಳಿಗೆ ಹೊಂದುವುದು ಸಾಧ್ಯವೇ ಇಲ್ಲ. ಆದರೂ 99 ವರ್ಷ ಅದನ್ನೇ ನಂಬಿ ನಡೆದರು ಎಂದು ಹಿರಿಯ ಪ್ಲಿನಿ (ಕಿರಿಯ ಪ್ಲಿನಿಯ ಸೋದರಮಾವ) ಬರೆಯುತ್ತಾನೆ. ವಾಸ್ತುಶಿಲ್ಪಿ ವಿಟ್ರುವಿಯಸ್ ಈ ಲೆಕ್ಕವನ್ನು ಚೊಕ್ಕವಾಗಿ ಕೊಟ್ಟಿದ್ದಾನೆ: ಹಗಲಿರುಳು ಸಮನಾಗುವ ದಿನ ನಡುಹಗಲಲ್ಲಿ 9 ಪಾಲು ಎತ್ತರದ ಕಂಬಕ್ಕೆ ರೋಮ್‌ನಲ್ಲಿ 8 ಪಾಲು ನೆರಳು, ಅಥೆನ್ಸಿನಲ್ಲಿ 4ಕ್ಕೆ 3, ಅಲೆಕ್ಸಾಂಡ್ರಿಯಾದಲ್ಲಿ 5ಕ್ಕೆ 3. ಇದನ್ನು ನಮ್ಮ ಊರಲ್ಲೂ ಮಾಡಿ ನೋಡಬಹುದು. ಮಾರ್ಚ್ 20ರ ಅಥವಾ ಸೆಪ್ಟೆಂಬರ್ 22-23ರ ಆಸುಪಾಸು 90 ಸೆಂ.ಮೀ. ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದರೆ ಬೆಂಗಳೂರಿನಲ್ಲಿ ಬರುವ ನೆರಳು 21 ಸೆಂ.ಮೀ.ಗೆ ಚೂರು ಕಡಿಮೆ, ಬೀದರಿನಲ್ಲಿ 29ರ ಹತ್ತಿರ. ರೋಮ್‌ನಲ್ಲಾದರೆ 80. ಸಾಮಾನ್ಯ ತಪ್ಪೆಂದರೆ ಗಡಿಯಾರದ 12 ಗಂಟೆಗೆ ಅಳೆಯುವುದು. ಭಾರತದ ಸಮಯ ಹೊಂದಿಸಿರುವುದು 82.5 ಡಿಗ್ರಿ ರೇಖಾಂಶಕ್ಕೆ. ಹಾಗಾಗಿ ಬೆಂಗಳೂರಿನ ನಿಜವಾದ ನಡುಹಗಲು ಮಾರ್ಚ್‌ನಲ್ಲಿ ಸುಮಾರು 12:27ಕ್ಕೆ, ಸೆಪ್ಟೆಂಬರಿನಲ್ಲಿ 12:12ಕ್ಕೆ. ಗೊಂದಲವೇ ಬೇಡ ಅನ್ನುವವರು ಹನ್ನೆರಡರಿಂದ ಐದೈದು ನಿಮಿಷಕ್ಕೆ ಗುರುತು ಹಾಕುತ್ತಾ ಹೋಗಿ ಅತಿ ಗಿಡ್ಡ ನೆರಳನ್ನು ಆರಿಸಿಕೊಳ್ಳಬಹುದು.

ದಿಕ್ಕಿನ ಮಾತೂ ಇದೆ. ರೋಮ್‌ನಲ್ಲಿ ನಡುಹಗಲ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಅದಕ್ಕೇ ಭಾರತದಲ್ಲಿ ಮಾಲೆಯುಸ್ ಎಂಬ ಬೆಟ್ಟವಿದೆ, ಅಲ್ಲಿ ನೆರಳು ಆರು ತಿಂಗಳು ದಕ್ಷಿಣಕ್ಕೆ, ಆರು ತಿಂಗಳು ಉತ್ತರಕ್ಕೆ ಬೀಳುತ್ತದೆ ಎಂಬುದು ಹಿರಿಯ ಪ್ಲಿನಿಗೆ ಬರೆದಿಡಬೇಕಾದ ಸೋಜಿಗ. ಸರಿಯಾಗಿ ಆರಾರು ತಿಂಗಳು ಬೇಕೆಂದರೆ ಸಮಭಾಜಕ ವೃತ್ತಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರ ವರೆಗೆ ನಡುಹಗಲ ನೆರಳು ದಕ್ಷಿಣಕ್ಕೆ, ಉಳಿದಂತೆ ಉತ್ತರಕ್ಕೆ. ಆ ಎರಡು ದಿನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲ. ಶಾಲೆಗಳಲ್ಲಿ ಶೂನ್ಯ ನೆರಳಿನ ದಿನ ಎಂದು ಮಕ್ಕಳನ್ನು ಬಯಲಿಗೆ ಕರೆದೊಯ್ಯುವುದು ಆಗಲೇ.

ನೆರಳಿನ ಅಂಚು ಎಂದೂ ಹರಿತವಾಗಿರುವುದಿಲ್ಲ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ; ಹಾಗಾಗಿ ಅಡ್ಡ ನಿಂತ ವಸ್ತು 1 ಮೀಟರ್ ದೂರವಿದ್ದರೆ ಅಂಚು ಸುಮಾರು 9 ಮಿ.ಮೀ. ಮಸುಕಾಗುತ್ತದೆ, 50 ಮೀಟರ್ ದೂರವಾದರೆ ಅರ್ಧ ಮೀಟರಿನ ಹತ್ತಿರ. ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 10ರಲ್ಲಿ ಈಜಿಪ್ಟಿನ ಕಲ್ಲುಕಂಬವನ್ನು ರೋಮ್‌ನ ಬಯಲಲ್ಲಿ ನಿಲ್ಲಿಸಿ ನೆಲದ ಮೇಲೆ ಕಂಚಿನ ಗೆರೆಗಳನ್ನು ಕೂರಿಸಿದಾಗ ಎದುರಾದದ್ದು ಇದೇ ತೊಂದರೆ. ಚೂಪು ತುದಿಯ ನೆರಳು ಗೆರೆ ಮುಟ್ಟುವ ಮೊದಲೇ ಕರಗಿಹೋಗುತ್ತದೆ. ಗಣಿತಜ್ಞನೊಬ್ಬ ತುದಿಗೆ ಚಿನ್ನದ ಲೇಪದ ಗುಂಡು ಕೂರಿಸಿದ. ಗುಂಡಿನ ನೆರಳು ದುಂಡಗೆ ಬೀಳುತ್ತದೆ, ಅಂಚು ಮಸುಕಾದರೂ ನಡು ಸಿಗುತ್ತದೆ. ಮನುಷ್ಯನ ತಲೆಯ ನೆರಳು ನೋಡಿ ಈ ಉಪಾಯ ಹೊಳೆಯಿತಂತೆ. ಹಿರಿಯ ಪ್ಲಿನಿಯ ಕಾಲಕ್ಕೆ ಆ ಕಂಬದ ಅಳತೆ 30 ವರ್ಷಗಳಿಂದ ತಪ್ಪಾಗುತ್ತಿತ್ತು. ನೆಲ ಕುಸಿದಿರಬಹುದು, ಭೂಕಂಪವಾಗಿರಬಹುದು ಎಂದು ಅವನು ಕಾರಣಗಳನ್ನು ಪೋಣಿಸುತ್ತಾನೆ. ಕಂಬ ಈಗ ಇಟಲಿಯ ಸಂಸತ್ತಿನ ಕೆಳಮನೆಯ ಎದುರು ನಿಂತಿದೆ.

ಆ ಮಸುಕು ಅಂಚಿಗೆ ರೋಮನ್ನರು ಹೆಸರಿಡಲಿಲ್ಲ. 1604ರಲ್ಲಿ ಖಗೋಳಜ್ಞ ಕೆಪ್ಲರ್ ‘ಪೈನೆ’ (ಬಹುಪಾಲು, ಇನ್ನೇನು) ಎಂಬುದನ್ನು ಹಚ್ಚಿ ‘ಪೆನುಂಬ್ರ’ ಎಂದ. ಪೆನಿನ್ಸುಲಾ ಎಂದರೆ ಇನ್ನೇನು ದ್ವೀಪ. ಇದು ಇನ್ನೇನು ನೆರಳು, ಅರೆನೆರಳು. ಉಂಬ್ರದ ತುದಿ ಮುಗಿದ ಮೇಲೆ ಆಚೆ ಹರಡುವ ಭಾಗಕ್ಕೆ ಇತ್ತೀಚಿನವರು ‘ಆಂಟುಂಬ್ರ’ ಎಂದರು. 2019ರ ಡಿಸೆಂಬರ್ 26ರ ಬೆಳಿಗ್ಗೆ ಕೊಡಗಿನ ಕುಟ್ಟದಲ್ಲಿ ಕಂಕಣ ಗ್ರಹಣ ನೋಡಿದವರು ನಿಂತದ್ದು ಅದರೊಳಗೆ: ಚಂದ್ರನ ಉಂಬ್ರ ಭೂಮಿ ಮುಟ್ಟದೆ ಮೇಲೆಯೇ ಮುಗಿದಿತ್ತು, ಅದಕ್ಕೇ ಸೂರ್ಯ ಬಳೆಯಾಗಿ ಉಳಿದ.

ಇಷ್ಟೆಲ್ಲ ಗಣಿತ ಆದ ಮೇಲೂ ಉಂಬ್ರದ ನಿಜವಾದ ಮನೆ ಮರದ ಬುಡವೇ. ರೋಮನ್ ರೈತರಿಗೆ ಎಲ್ಲ ನೆರಳೂ ಒಂದೇ ಆಗಿರಲಿಲ್ಲ. ಅಕ್ರೋಟ ಮರದ ನೆರಳು ‘ಗ್ರವಿಸ್’, ಭಾರ. ಕೆಳಗೆ ನೆಟ್ಟದ್ದಕ್ಕೂ ಕೆಡುಕು, ಮನುಷ್ಯನ ತಲೆಗೂ ಕೆಡುಕು ಎನ್ನುತ್ತಾನೆ ಹಿರಿಯ ಪ್ಲಿನಿ. ಹುಣಸೆಮರದಡಿ ಮಲಗಬೇಡ ಎನ್ನುವ ನಮ್ಮ ಹಿರಿಯರು ಅವನೊಡನೆ ಕೂತು ಮಾತಾಡಬಹುದಿತ್ತು. ತಲೆಯ ಮಾತು ಹೇಗೋ, ಗಿಡಗಳ ಮಾತಿನಲ್ಲಿ ಹುರುಳಿದೆ: ಅಕ್ರೋಟದ ಜಾತಿಯ ಮರಗಳು ಜುಗ್ಲೋನ್ ಎಂಬ ರಾಸಾಯನಿಕ ಬಿಡುತ್ತವೆ, ಅಮೆರಿಕದ ಕರಿ ಅಕ್ರೋಟದಲ್ಲಿ ಅದು ಹೆಚ್ಚು, ಟೊಮೆಟೊದಂಥ ಗಿಡ ಅದರ ಬಳಿ ಸೊರಗುತ್ತದೆ. ತಪ್ಪು ನೆರಳಿನದ್ದಲ್ಲ, ಬೇರಿನದ್ದು.

ಹಿತವಾದ, ತಂಪಾದ ನೆರಳಿರುವ ಜಾಗಕ್ಕೆ ‘ಒಪಾಕುಸ್’ ಎಂಬ ಗುಣವಾಚಕವಿದೆ. ಇದರಿಂದ ಬಂದ ಇಂಗ್ಲಿಷ್ ಪದ ‘ಬೆಳಕು ಹಾಯದ’ ಎಂಬ ಅರ್ಥಕ್ಕೆ ಹೊರಳಿ, ಇವತ್ತು ಫೋಟೊ ತಿದ್ದುವ ಆ್ಯಪಿನಲ್ಲಿ ‘ಒಪ್ಯಾಸಿಟಿ’ ಎಂದು ಕೂತಿದೆ. ಆ ಅರ್ಥ ಹೊತ್ತು ಲ್ಯಾಟಿನ್ ಪದ್ಯಕ್ಕೆ ಹೋದರೆ ತಣ್ಣನೆ ತೋಪೆಲ್ಲ ಮರದ ಹಲಗೆಯಾಗುತ್ತದೆ. ಒಪಾಕುಸ್ ತೋಪೆಂದರೆ ‘ಲೂಕುಸ್’ ನೆನಪಾಗಬೇಕು. ಅದು ದೇವರಕಾಡು, ಕೊಡಗಿನವರಿಗೆ ವಿವರಿಸಬೇಕಿಲ್ಲದ ಪದ. ನೆರಳು ಕವಿದು ಬೆಳಕು ಕಡಿಮೆಯಿರುವುದರಿಂದಲೇ ಅದಕ್ಕೆ ‘ಬೆಳಕು’ ಎಂಬ ಹೆಸರು ಎಂದು ಹಳೆಯ ಪಂಡಿತರು ವ್ಯುತ್ಪತ್ತಿ ಹೇಳುತ್ತಿದ್ದರು. ಹೀಗೆ ವಿರುದ್ಧದಿಂದ ಹೆಸರು ಹುಟ್ಟುತ್ತದೆಂದು ಒಪ್ಪಬೇಕೇ ಎಂದು ಭಾಷಣಕಲೆಯ ರೋಮನ್ ಗುರು ಕ್ವಿಂಟಿಲಿಯನ್ ಕೇಳಿದ. ಕೇಳಿದ್ದು ಸರಿ. ಲೂಕುಸ್ ಮೂಲದಲ್ಲಿ ಕಾಡಿನ ನಡುವೆ ಬೆಳಕು ಬೀಳುವ ತೆರವು, ಸಂಸ್ಕೃತದ ‘ಲೋಕ’ದ ದಾಯಾದಿ.

ಸತ್ತವರೂ ಉಂಬ್ರಗಳೇ, ಬಹುವಚನದಲ್ಲಿ ‘ಉಂಬ್ರೈ’. ದೇಹವಿಲ್ಲದೆ ಆಕಾರ ಮಾತ್ರ ಉಳಿದವರು. ಊಟದ ಮನೆಯಲ್ಲಿ ಮಾತ್ರ ಈ ಪದಕ್ಕೆ ತಮಾಷೆಯ ಅರ್ಥ. ಆಹ್ವಾನಿತರ ಬೆನ್ನಿಗೆ ಬರುವ, ಮನೆಯವರು ಕರೆಯದ ಅತಿಥಿ ‘ಉಂಬ್ರ’. ರೋಮನ್ ಪಂಕ್ತಿಯಲ್ಲಿ ವಾಡಿಕೆಯಂತೆ ಮೂರು ಮಂಚ, ಮಂಚಕ್ಕೆ ಮೂವರು, ಒಟ್ಟು ಒಂಬತ್ತು ಜಾಗ. ದೊಡ್ಡ ಮನುಷ್ಯ ಎರಡು ನೆರಳು ತಂದರೆ ಆತಿಥೇಯ ಇಬ್ಬರನ್ನು ಕಡಿಮೆ ಕರೆಯಬೇಕು. ಕವಿ ಹೊರೇಸ್ ಸ್ನೇಹಿತನನ್ನು ಊಟಕ್ಕೆ ಕರೆಯುತ್ತಾ ‘ನೆರಳುಗಳಿಗೂ ಜಾಗವಿದೆ’ ಎಂದು ಬರೆಯುತ್ತಾನೆ. ಇಲ್ಲಿ ಪ್ರೇತ ಎಂದು ಅನುವಾದಿಸಿದರೆ ಊಟ ಕೆಡುತ್ತದೆ.

ಬೆಳಕು-ಕತ್ತಲೆಯ ನಡುವಿನ ಹೊತ್ತು ‘ಕ್ರೆಪುಸ್ಕುಲುಂ’. ರೋಮನ್ನರ ನೆರೆಯವರಾದ ಸಬೈನರ ‘ಕ್ರೆಪೆರ್’, ಅಂದರೆ ಸಂದೇಹದ, ಎಂಬ ಪದದಿಂದ ಬಂತು ಎಂದು ರೋಮನ್ ಪಂಡಿತ ವಾರೊ ಹೇಳುತ್ತಾನೆ. ಹಗಲೋ ಇರುಳೋ ತಿಳಿಯದ ಹೊತ್ತು. ಆ ಹೊತ್ತಿನಲ್ಲಿ ಹುಟ್ಟಿದವರಿಗೆ ಕ್ರೆಪುಸ್ಕುಸ್ ಎಂದೂ, ಬೆಳಗಿನ ಮೊದಲ ಬೆಳಕಿಗೆ ಹುಟ್ಟಿದವರಿಗೆ ಲೂಕಿಯುಸ್ ಎಂದೂ ಹೆಸರಿಡುತ್ತಿದ್ದರಂತೆ. ನಸುಕಿಗೆ ಬೇರೆ ಪದ ‘ದೀಲೂಕುಲುಂ’, ಅದರ ಜಾಗದಲ್ಲಿ ಕ್ರೆಪುಸ್ಕುಲುಂ ಹಾಕದಿದ್ದರೆ ಒಳ್ಳೆಯದು. ಬಣ್ಣದ ಕಪ್ಪಿಗೂ ಎರಡು ಪದಗಳಿವೆ, ಹೊಳಪಿಲ್ಲದ ಮಸಿಗಪ್ಪು ‘ಆತೆರ್’, ಮಿರುಗುವ ಕಪ್ಪು ‘ನಿಗೆರ್’. ಅಶುಭ ದಿನಗಳು ಆತೆರ್ ಆಗುತ್ತವೆ, ನಿಗೆರ್ ಅಲ್ಲ.

ಇವುಗಳಲ್ಲಿ ಕೆಲವು ಪದಗಳು ನಮ್ಮೂರಿಗೂ ಬಂದು ತಲುಪಿವೆ. ‘ಒಬ್ಸ್ಕೂರುಸ್’ ಎಂದರೆ ಮರೆಯಾದ, ಬೆಳಕಿಲ್ಲದ; ಕೆಪ್ಲರ್ ಬಳಕೆಗೆ ತಂದ ‘ಕಮೆರ ಒಬ್ಸ್ಕೂರ’ ಎಂದರೆ ಕತ್ತಲೆ ಕೋಣೆ. ನಾವು ಕೋಣೆಯನ್ನು ಮಾತ್ರ ಉಳಿಸಿಕೊಂಡು ಕ್ಯಾಮೆರಾ ಎಂದೆವು, ಕತ್ತಲೆಯನ್ನು ಕೈಬಿಟ್ಟೆವು. ಸೀರೆ ಅಂಗಡಿಯಲ್ಲಿ ದಟ್ಟ ಬಣ್ಣ ಮೆಲ್ಲನೆ ತಿಳಿಯಾಗುತ್ತಾ ಹೋಗುವ ‘ಓಂಬ್ರೆ’ ಸೀರೆ ಕೇಳಿದರೆ, ಫ್ರೆಂಚರ ಬಾಯಲ್ಲಿ ಸವೆದ ಉಂಬ್ರವನ್ನೇ ಕೇಳಿದಂತೆ. ಅಡುಗೆಮನೆಯಲ್ಲೂ ಒಂದಿದೆ. ಉಂಬ್ರದಿಂದ ಆದ ‘ಉಂಬೆಲ್ಲ’ ಎಂದರೆ ಬಿಸಿಲಿಗೆ ಹಿಡಿಯುವ ಪುಟ್ಟ ಕೊಡೆ. ಕೊತ್ತಂಬರಿ ಗಿಡವನ್ನು ಕೀಳದೆ ಹೂ ಬಿಡಲು ಬಿಟ್ಟು ನೋಡಿ: ಒಂದೇ ಗೆಣ್ಣಿನಿಂದ ಹಲವು ಕಡ್ಡಿಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುತ್ತವೆ, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಕೊಡೆ, ಅದರ ಮೇಲೆ ಬಿಳಿ ಹೂ. ಸಸ್ಯಶಾಸ್ತ್ರಜ್ಞರು ಆ ಇಡೀ ಕುಟುಂಬವನ್ನು ಬಹುಕಾಲ ಅಂಬೆಲ್ಲಿಫೆರೆ, ‘ಕೊಡೆ ಹೊತ್ತವು’, ಎಂದೇ ಕರೆದರು. ಜೀರಿಗೆ, ಸೋಂಪು, ಓಮ, ಕ್ಯಾರೆಟ್ ಎಲ್ಲ ಅದರಲ್ಲೇ ಬರುತ್ತವೆ.